ಫ್ರೆಂಚ್ ಪ್ರವಾಸಿ ಸೈಕಲ್‌ನ ಮರುಜೀವ
ಸೈಕಲ್ಲಿನಲ್ಲಿ ದೂರ ಪಯಣದ ಹಂಬಲವನ್ನು ಫ್ರಾನ್ಸ್‌ನಲ್ಲಿ ಬೆಳೆಸಿದವರು ಸೇಂತ್-ಎತಿಯೆನ್‌ನ ಪಾಲ್ ದ ವಿವಿ. 1887ರಲ್ಲಿ ಸೈಕಲ್ ಪತ್ರಿಕೆ ಆರಂಭಿಸಿ, ಗೇರ್ ಬದಲಿಸುವ ಸೈಕಲ್‌ಗಳ ಪರ ಹಟ ಹಿಡಿದು ಬರೆದರು.

ಅಂಥ ಪಯಣದ ಹಳೆಯ ಫ್ರೆಂಚ್ ಸೈಕಲ್ಲಿಗೆ ಮರುಜೀವ ಕೊಡುವುದು ಸುಲಭವಲ್ಲ. ಅದು ಒಮಾನ್ ಕರಾವಳಿಯ ಅಲ್ ಹೈಲ್‌ನಂಥ ಊರಿನಲ್ಲಿ ಮೂಲೆ ಸೇರಿದ್ದರೆ ಉಪ್ಪುಗಾಳಿಯೇ ವೈರಿ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಸೀಟ್ ಪೋಸ್ಟ್ ಕಚ್ಚಿಕೊಳ್ಳುತ್ತದೆ. ಬಡಿಯಬಾರದು, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಬೇಕು.

ಹಳೆಯ ಫ್ರೆಂಚ್ ಅಳತೆಗಳೇ ಬೇರೆ. ಹ್ಯಾಂಡಲ್ ಸ್ಟೆಮ್ 22 ಮಿ.ಮೀ.; ಸಾಮಾನ್ಯವಾಗಿ ಸಿಗುವುದು 22.2. ಕ್ರ್ಯಾಂಕ್ ಅಚ್ಚಿನ ಕಪ್‌ಗಳಿಗೆ ಎರಡೂ ಬದಿ ಬಲಸುತ್ತಿನ ಥ್ರೆಡ್. ಬಲಬದಿಗೆ ಎಡಸುತ್ತಿನ ಥ್ರೆಡ್ ಇರುವ ಇಂಗ್ಲಿಷ್ ಸೈಕಲ್ಲೆಂದು ಭಾವಿಸಿ ಬಲಬದಿಯ ಕಪ್ ಬಿಚ್ಚಹೊರಟರೆ ಅದು ಇನ್ನಷ್ಟು ಬಿಗಿಯುತ್ತದೆ. ಮೂಲ ಬಣ್ಣ ಉಳಿದಿದ್ದರೆ, ಮಾಸಿದ್ದರೂ ಸರಿ, ಕೆರೆಯಬೇಡಿ.