ಅಭಿಯೋಜಕರ ಒಂದು ಸಹಿ: ಮೈಸೂರು, ಆಗಸ್ಟ್ 2000

ಅಣ್ಣಾವ್ರನ್ನು ವೀರಪ್ಪನ್ ಅಪಹರಿಸಿದಾಗ ನನಗೆ ಮೂರು ವರ್ಷ. ನನ್ನ ನೆನಪಿನಲ್ಲಿ ಅದರ ಒಂದು ಚೂರೂ ಇಲ್ಲ. ಇರುವುದೆಲ್ಲ ಅಜ್ಜಿಯಿಂದ ಕೇಳಿದ್ದು. ರಾಜ್‌ಕುಮಾರ್ ಮನೆಗೆ ಬರುವವರೆಗೆ ಪ್ರತಿ ಮಂಗಳವಾರ ಒಪ್ಪೊತ್ತು ಮಾಡುತ್ತೇನೆಂದು ಅಜ್ಜಿ ಚಾಮುಂಡಿಗೆ ಹರಕೆ ಹೊತ್ತಿದ್ದರಂತೆ. ಆ ದಿನಗಳ ಕತೆ ಹೇಳುವಾಗಲೆಲ್ಲ ಅವರು ಒಂದು ಮಾತು ಸೇರಿಸುತ್ತಿದ್ದರು: "ಇನ್ನೇನು ಬಿಟ್ಟೇಬಿಡ್ತಾನೆ ಅನ್ನೋ ಹೊತ್ತಿಗೆ ಯಾರೋ ಒಬ್ಬ ದಿಲ್ಲಿಗೆ ಹೋಗಿ ಕೋರ್ಟಿನಲ್ಲಿ ಅಡ್ಡಗಾಲು ಹಾಕಿದ ನೋಡು."

ಆ 'ಯಾರೋ ಒಬ್ಬ' ಯಾರೆಂದು ನನಗೆ ಗೊತ್ತಾಗಿದ್ದು ಇಪ್ಪತ್ತು ವರ್ಷ ಕಳೆದ ಮೇಲೆ. ನನ್ನ ಸಂಶೋಧನೆಯ ವಿಷಯ ಸರ್ಕಾರಿ ಅಭಿಯೋಜಕರ ಹುದ್ದೆಯ ಇತಿಹಾಸ, ಅಂದರೆ ನಾವೆಲ್ಲ ಪಬ್ಲಿಕ್ ಪ್ರಾಸಿಕ್ಯೂಟರ್ ಎಂದು ಕರೆಯುವವರದು. ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ತೀರ್ಪುಗಳ ಸಂಪುಟ ತಿರುವಿಹಾಕುತ್ತಿದ್ದಾಗ 'ಅಬ್ದುಲ್ ಕರೀಂ ವಿರುದ್ಧ ಕರ್ನಾಟಕ ರಾಜ್ಯ' ಎಂಬ ಶೀರ್ಷಿಕೆ ಕಣ್ಣಿಗೆ ಬಿತ್ತು. ತೀರ್ಪಿನ ದಿನಾಂಕ 7 ನವೆಂಬರ್ 2000. ಓದುತ್ತಾ ಹೋದಂತೆ ಅಜ್ಜಿಯ ಮಾತು ಕಿವಿಯಲ್ಲಿ ಮೊಳಗಿತು.

ಕತೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಮೈಸೂರು ಸೀಮೆಯಲ್ಲಿ ಶ್ರೀಗಂಧ ಕೇವಲ ಮರವಾಗಿರಲಿಲ್ಲ, ಅದು ಬೊಕ್ಕಸ. ಅರಸರ ಕಾಲದಿಂದಲೂ ಅದು ರಾಜ್ಯದ ಸೊತ್ತು. 1916ರಲ್ಲಿ ನಮ್ಮ ಊರಿನಲ್ಲೇ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಆನೆದಂತ ಮತ್ತು ಗಂಧದ ಕಳ್ಳಸಾಗಣೆಯನ್ನು ಕಾಡುಗಳ್ಳನ ಸಾಹಸವೆಂದು ನೋಡುವುದು ಸಿನಿಮಾದ ನೋಟ. ಲೆಕ್ಕದ ಕಣ್ಣಿನಿಂದ ನೋಡಿದರೆ ಅದು ಕಡಿಯುವವರು, ಹೊರುವವರು, ಸಾಗಿಸುವವರು, ಕೊಳ್ಳುವವರು, ಕಣ್ಣುಮುಚ್ಚಿಕೊಳ್ಳುವವರು ಎಲ್ಲರೂ ಸೇರಿ ನಡೆಸಿದ ಸಂಘಟಿತ ಆರ್ಥಿಕ ಅಪರಾಧ. ಅದನ್ನು ಕಾಯ್ದುಕೊಳ್ಳಲು ಕೊಲೆಗಳು ನಡೆದವು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್‌ನಲ್ಲಿ ಹತರಾದರು. 1992ರ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಹೊಂಚುದಾಳಿಗೆ ಎಸ್‌ಪಿ ಟಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಬಲಿಯಾದರು. 9 ಏಪ್ರಿಲ್ 1993ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು.

ಕೊಳ್ಳೇಗಾಲ ಆಗ ಮೈಸೂರು ಜಿಲ್ಲೆಯಲ್ಲೇ ಇತ್ತು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಈ ಮೊಕದ್ದಮೆಗಳ ವಿಚಾರಣೆ ಬಂದದ್ದು ಮೈಸೂರಿನ ಟಾಡಾ ವಿಶೇಷ ನ್ಯಾಯಾಲಯಕ್ಕೆ. ಕಾಡಂಚಿನ ಹಳ್ಳಿಗಳಿಂದ ಹಿಡಿದು ತಂದ ನೂರಕ್ಕೂ ಹೆಚ್ಚು ಮಂದಿ ಆರೋಪಿಗಳಾದರು. ಟಾಡಾ ಕಾಯ್ದೆ 1995ರಲ್ಲಿ ಅವಧಿ ಮುಗಿದು ಇಲ್ಲವಾಯಿತು, ಆದರೆ ಅದರಡಿ ದಾಖಲಾದ ಮೊಕದ್ದಮೆಗಳು ಮುಂದುವರಿದವು. ಆ ಕಾಯ್ದೆಯಡಿ ಜಾಮೀನು ಸಿಗುವುದು ಕಲ್ಲಿನಿಂದ ನಾರು ತೆಗೆದಂತೆ. ವರ್ಷಗಳು ಉರುಳಿದರೂ ಅನೇಕರು ಮೈಸೂರು ಜೈಲಿನಲ್ಲೇ ಉಳಿದರು.

30 ಜುಲೈ 2000ರ ರಾತ್ರಿ ಗಾಜನೂರಿನ ಮನೆಯಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕರೆದೊಯ್ದ. ಬೇಡಿಕೆಗಳ ಪಟ್ಟಿ ಉದ್ದವಿತ್ತು. ಕಾವೇರಿ ನೀರು, ತಮಿಳು ಭಾಷೆ, ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆಗಳ ಜೊತೆಗೆ ಮೈಸೂರು ಜೈಲಿನಲ್ಲಿದ್ದ ಟಾಡಾ ಆರೋಪಿಗಳ ಬಿಡುಗಡೆಯೂ ಅದರಲ್ಲಿತ್ತು. ಎರಡು ಸರ್ಕಾರಗಳು ಇಕ್ಕಟ್ಟಿಗೆ ಸಿಲುಕಿದವು. ಕರ್ನಾಟಕ ಹೊತ್ತಿ ಉರಿದೀತೆಂಬ ಭಯ ಸುಳ್ಳಲ್ಲ. ಗಡಿಯಾಚೆಗಿನ ಕನ್ನಡಿಗರು, ಈಚೆಗಿನ ತಮಿಳರು ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದ ದಿನಗಳವು.

ಸರ್ಕಾರ ಒಂದು ದಾರಿ ಹುಡುಕಿತು. ಆ ದಾರಿ ಅಭಿಯೋಜಕರ ಮೇಜಿನ ಮೂಲಕ ಹಾದುಹೋಗುತ್ತಿತ್ತು.

ಇಲ್ಲಿ ಸ್ವಲ್ಪ ಕಾನೂನು ತಿಳಿಯಬೇಕು. ನಡೆಯುತ್ತಿರುವ ಮೊಕದ್ದಮೆಯನ್ನು ಸರ್ಕಾರ ತಾನಾಗಿ ಹಿಂಪಡೆಯುವಂತಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 321ನೇ ವಿಧಿಯ ಪ್ರಕಾರ ಆ ಅಧಿಕಾರ ಇರುವುದು ಅಭಿಯೋಜಕರಿಗೆ. ಅದಕ್ಕೂ ನ್ಯಾಯಾಲಯದ ಒಪ್ಪಿಗೆ ಬೇಕು. ಬ್ರಿಟಿಷರ 1898ರ ಸಂಹಿತೆಯಲ್ಲಿ ಇದೇ 494ನೇ ವಿಧಿಯಾಗಿತ್ತು. ಈ ಏರ್ಪಾಟಿನ ಹಿಂದೆ ಒಂದು ತಿಳಿವಳಿಕೆ ಇದೆ. ಪೊಲೀಸರು ತನಿಖೆ ಮಾಡುತ್ತಾರೆ, ಸರ್ಕಾರ ಆಳುತ್ತದೆ, ನ್ಯಾಯಾಧೀಶರು ತೀರ್ಪು ಕೊಡುತ್ತಾರೆ. ಅಭಿಯೋಜಕರು ಈ ಮೂವರಲ್ಲಿ ಯಾರೂ ಅಲ್ಲ. ಸರ್ಕಾರ ಅವರನ್ನು ನೇಮಿಸಿದರೂ ಅವರ ನಿಷ್ಠೆ ಮೊಕದ್ದಮೆಯ ಸತ್ಯಕ್ಕೆ. ಟಾಡಾ ಕಾಯ್ದೆಯ ಬಗ್ಗೆಯೇ 1994ರಲ್ಲಿ ಹಿತೇಂದ್ರ ವಿಷ್ಣು ಠಾಕೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತ್ತು: ಅಭಿಯೋಜಕರು ತನಿಖಾ ಸಂಸ್ಥೆಯ ಅಂಗವಲ್ಲ, ಅವರು ಕೊಟ್ಟ ಕಾಗದವನ್ನು ಮುಂದಕ್ಕೆ ದಾಟಿಸುವ ಅಂಚೆ ಕಚೇರಿಯೂ ಅಲ್ಲ.

2000ದ ಆಗಸ್ಟ್‌ನಲ್ಲಿ ಮೈಸೂರಿನ ನ್ಯಾಯಾಲಯಕ್ಕೆ ವಿಶೇಷ ಅಭಿಯೋಜಕರು ಅರ್ಜಿ ಸಲ್ಲಿಸಿದರು. ಇಡೀ ಮೊಕದ್ದಮೆಯನ್ನಲ್ಲ, ಟಾಡಾ ಆರೋಪಗಳನ್ನು ಮಾತ್ರ ಹಿಂಪಡೆಯಲು ಅನುಮತಿ ಕೇಳಿದರು. ಟಾಡಾ ಕಳಚಿದರೆ ಉಳಿದ ಆರೋಪಗಳಲ್ಲಿ ಜಾಮೀನು ಸುಲಭ. ಬಾಗಿಲು ಪೂರ್ತಿ ತೆರೆಯದೆ ಚಿಲಕವಷ್ಟೇ ತೆಗೆದಂತೆ. ಕೊಟ್ಟ ಕಾರಣ, ಗಡಿ ಪ್ರದೇಶದಲ್ಲಿ ಶಾಂತಿ ಮತ್ತು ಸಹಜ ಸ್ಥಿತಿ ಮರಳಬೇಕೆಂಬುದು. ನಾಡಿನ ಮಗುವಿಗೂ ಗೊತ್ತಿದ್ದ ನಿಜವಾದ ಕಾರಣ ಆ ಅರ್ಜಿಯಲ್ಲಿ ಇರಲಿಲ್ಲ. ನ್ಯಾಯಾಲಯ ಒಪ್ಪಿತು. 51 ಮಂದಿ ಹೊರಬರುವ ಹಾದಿ ಸಿದ್ಧವಾಯಿತು.

ಆಗ ಎದ್ದು ನಿಂತವರು ಅಬ್ದುಲ್ ಕರೀಂ. ಅವರು ನಿವೃತ್ತ ಪೊಲೀಸ್ ಅಧಿಕಾರಿ. ಮೀಣ್ಯಂನಲ್ಲಿ ಸತ್ತ ಶಕೀಲ್ ಅಹ್ಮದ್ ಅವರ ಮಗ. ಇಡೀ ನಾಡು ಒಬ್ಬ ಮನುಷ್ಯನ ಬಿಡುಗಡೆಗೆ ಹರಕೆ ಹೊತ್ತಿರುವಾಗ, ತನ್ನ ಮಗನ ಕೊಲೆಯ ಮೊಕದ್ದಮೆಯನ್ನು ಸಡಿಲಿಸಬೇಡಿ ಎಂದು ಕೇಳುವುದು ಎಂಥ ಒಂಟಿತನ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಅಜ್ಜಿಯಂಥ ಲಕ್ಷಾಂತರ ಒಳ್ಳೆಯ ಮನಸ್ಸುಗಳ ಶಾಪವನ್ನು ಅವರು ತಲೆಯ ಮೇಲೆ ಹೊತ್ತುಕೊಂಡರು. ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಜೈಲಿನ ಬಾಗಿಲು ತೆರೆಯಲಿಲ್ಲ.

ನವೆಂಬರ್ 7ರಂದು ನ್ಯಾಯಮೂರ್ತಿಗಳಾದ ಎಸ್.ಪಿ. ಭರೂಚಾ, ಡಿ.ಪಿ. ಮೊಹಾಪಾತ್ರ ಮತ್ತು ವೈ.ಕೆ. ಸಬರ್‌ವಾಲ್ ಅವರ ಪೀಠ ಮೈಸೂರು ನ್ಯಾಯಾಲಯದ ಆದೇಶವನ್ನು ರದ್ದು ಮಾಡಿತು. ತೀರ್ಪಿನ ಸಾರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಸರ್ಕಾರ ಸಲಹೆ ಕೊಡಬಹುದು, ಆದರೆ ನಿರ್ಧಾರ ಅಭಿಯೋಜಕರದ್ದೇ ಆಗಿರಬೇಕು. ಅವರು ಎಲ್ಲ ಸಂಗತಿಯನ್ನೂ ತಿಳಿದು, ತಮ್ಮ ಸ್ವಂತ ಬುದ್ಧಿಯಿಂದ, ಸಾರ್ವಜನಿಕ ಹಿತಕ್ಕೆಂದು ನಿರ್ಧರಿಸಿರಬೇಕು. ಆ ಸಂಗತಿಗಳನ್ನು ನ್ಯಾಯಾಲಯದ ಮುಂದೆ ಇಡಬೇಕು. ನ್ಯಾಯಾಧೀಶರೂ ಅವನ್ನು ತೂಗಿ ನೋಡಬೇಕು. ಇಲ್ಲಿ ಇದ್ಯಾವುದೂ ಆಗಿರಲಿಲ್ಲ.

ಎಂಟು ದಿನ ಕಳೆದು, ನವೆಂಬರ್ 15ರಂದು, 108 ದಿನಗಳ ಸೆರೆಯ ನಂತರ ರಾಜ್‌ಕುಮಾರ್ ಬಿಡುಗಡೆಯಾದರು. ಅಜ್ಜಿಯ ಹರಕೆ ತೀರಿತು. ಟಾಡಾ ಆರೋಪಗಳು ಹಾಗೇ ಉಳಿದವು.

ಈ ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆಂದ. ಕಾನೂನು ಗೆದ್ದಿತು, ನಟಸಾರ್ವಭೌಮರೂ ಮನೆಗೆ ಬಂದರು. ಆದರೆ ಇತಿಹಾಸದ ವಿದ್ಯಾರ್ಥಿಗೆ ಮುಂದಿನ ಪುಟ ತಿರುಗಿಸದೆ ಗತ್ಯಂತರವಿಲ್ಲ.

2001ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಕಟಕಟೆಯಲ್ಲಿ ನಿಂತವರಲ್ಲಿ ಬಹುಪಾಲು ಜನ ಖುಲಾಸೆಯಾದರು. ಅಂದರೆ, ಯಾರ ಬಿಡುಗಡೆಯ ಬಗ್ಗೆ ದೇಶವೇ ವಾದಿಸಿತೋ ಅವರಲ್ಲಿ ಅನೇಕರ ಮೇಲಿನ ಆರೋಪ ಸಾಬೀತೇ ಆಗಲಿಲ್ಲ. ಅಷ್ಟರಲ್ಲಿ ಅವರ ಬದುಕಿನ ಏಳೆಂಟು ವರ್ಷ ಜೈಲಿನಲ್ಲಿ ಕಳೆದುಹೋಗಿತ್ತು. ಶಿಕ್ಷೆಯಾದವರಲ್ಲಿ ಸೈಮನ್, ಜ್ಞಾನಪ್ರಕಾಶಂ, ಮೀಸೆಕಾರ ಮಾದಯ್ಯ, ಬಿಲವೇಂದ್ರನ್ ಎಂಬ ನಾಲ್ವರ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 29 ಜನವರಿ 2004ರಂದು ತಾನಾಗಿಯೇ ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಧೂಳು ತಿಂದು 2013ರಲ್ಲಿ ತಿರಸ್ಕೃತವಾಯಿತು. ಆ ವಿಳಂಬದ ಕಾರಣಕ್ಕಾಗಿಯೇ 21 ಜನವರಿ 2014ರಂದು ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು. ಇನ್ನೊಂದು ಕಡೆ, ವೀರಪ್ಪನ್ ಬೇಟೆಯ ಹೆಸರಿನಲ್ಲಿ ಕಾಡಂಚಿನ ಜನರ ಮೇಲೆ ನಡೆದ ದೌರ್ಜನ್ಯದ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಲು ಹೇಳಿತು.

ಹಾಗಾದರೆ 2000ದಲ್ಲಿ ಟಾಡಾ ಆರೋಪ ಹಿಂಪಡೆಯುವುದು ನ್ಯಾಯವೇ ಆಗಿತ್ತಲ್ಲವೇ? ಈ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತು. ಈಗ ನನಗೆ ಹೊಳೆಯುವ ಉತ್ತರ ಇದು. ಸಾಕ್ಷ್ಯವಿಲ್ಲದ ಬಡವರ ಮೇಲಿನ ಆರೋಪ ಕೈಬಿಡಿ ಎಂದು ಅಭಿಯೋಜಕರು 1996ರಲ್ಲೋ 1998ರಲ್ಲೋ ಕಡತ ಓದಿ, ಹೆಸರು ಹೆಸರಾಗಿ ತೂಗಿ ಕೇಳಿದ್ದರೆ ಅದು ಅವರ ಹುದ್ದೆಗೆ ಶೋಭೆ ತರುತ್ತಿತ್ತು. 321ನೇ ವಿಧಿ ಇರುವುದೇ ಅದಕ್ಕೆ. ಆದರೆ ಕಡತ ಬಿಚ್ಚಿಸಿದ್ದು ಆರೋಪಿಗಳ ನಿರಪರಾಧವಲ್ಲ, ಕಾಡಿನಲ್ಲಿದ್ದ ಬಂದೂಕು. ಅದೇ ವಿಧಿ, ಅದೇ ಸಹಿ. ಕಾರಣ ಬೇರೆಯಾದಾಗ ಅರ್ಥವೂ ಬೇರೆಯಾಗುತ್ತದೆ. ಅಭಿಯೋಜಕರು ಸ್ವತಂತ್ರರಾಗಿರಬೇಕಾದದ್ದು ಕೊಲೆಯಾದವನ ತಂದೆಗಾಗಿ ಮಾತ್ರವಲ್ಲ, ಕಾರಣವಿಲ್ಲದೆ ಒಳಗಿರುವವನ ಹೆಂಡತಿ ಮಕ್ಕಳಿಗಾಗಿಯೂ. ಹೇಗಾದರೂ ಶಿಕ್ಷೆ ಕೊಡಿಸುವುದು ಅಭಿಯೋಜಕರ ಗುರಿಯಲ್ಲ ಎಂದು 1999ರ ಶಿವಕುಮಾರ್ ವಿರುದ್ಧ ಹುಕುಂಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

ಸಂಘಟಿತ ಅಪರಾಧದ ಒತ್ತಡ ಯಾವಾಗಲೂ ಕಾಡಿನಿಂದಲೇ ಬರಬೇಕೆಂದಿಲ್ಲ. ಬೆಂಗಳೂರಿನ ಇನ್ನೊಂದು ಮೊಕದ್ದಮೆಯನ್ನು ನೋಡಿ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು, ಅಲ್ಲಿ ನ್ಯಾಯಯುತ ವಿಚಾರಣೆ ಕಷ್ಟವೆಂದು, 2003ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ವರ್ಗಾಯಿಸಿತು. ವಿಶೇಷ ಅಭಿಯೋಜಕರಾದವರು ಉಡುಪಿ ಕಡೆಯ ಹಿರಿಯ ವಕೀಲ ಬಿ.ವಿ. ಆಚಾರ್ಯ. 2012ರಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದಾಗ ಅವರು ಅಡ್ವೊಕೇಟ್ ಜನರಲ್ ಹುದ್ದೆ ಬಿಟ್ಟು ಈ ಮೊಕದ್ದಮೆಯನ್ನು ಉಳಿಸಿಕೊಂಡರು. ಅದೇ ವರ್ಷ ಅದನ್ನೂ ಬಿಟ್ಟರು. 27 ಸೆಪ್ಟೆಂಬರ್ 2014ರಂದು ನ್ಯಾಯಾಧೀಶ ಜಾನ್ ಮೈಕೇಲ್ ಕುನ್ಹಾ ನಾಲ್ಕು ವರ್ಷ ಸೆರೆ, 100 ಕೋಟಿ ರೂಪಾಯಿ ದಂಡ ವಿಧಿಸಿದರು. ಮೇಲ್ಮನವಿಯಲ್ಲಿ ವಾದಿಸಿದ ಅಭಿಯೋಜಕರನ್ನು ತಮಿಳುನಾಡು ನೇಮಿಸಿದ್ದು ಸರಿಯಲ್ಲವೆಂದು 2015ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಕರ್ನಾಟಕ ಮತ್ತೆ ಆಚಾರ್ಯರನ್ನೇ ಕರೆಯಿತು. ಲಿಖಿತ ವಾದ ಸಲ್ಲಿಸಲು ಸಿಕ್ಕಿದ್ದು ಒಂದೇ ದಿನ.

11 ಮೇ 2015ರಂದು ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು. ಆದಾಯ ಮೀರಿದ ಆಸ್ತಿ ಶೇ 8.12 ಮಾತ್ರ, ಶೇ 10ರ ಮಿತಿಯೊಳಗಿದೆ ಎಂಬುದು ಕಾರಣ. ಅಭಿಯೋಜನೆಯ ಕಡೆಯವರು ತೀರ್ಪಿನಲ್ಲಿದ್ದ ಹತ್ತು ಸಾಲಗಳ ಪಟ್ಟಿಯನ್ನು ಕೂಡಿ ನೋಡಿದರು. ತೀರ್ಪಿನ ಮೊತ್ತ 24.17 ಕೋಟಿ, ನಿಜವಾದ ಮೊತ್ತ 10.67 ಕೋಟಿ. 13.50 ಕೋಟಿ ವ್ಯತ್ಯಾಸ! ಅದನ್ನು ಸರಿಪಡಿಸಿದರೆ ಶೇ 8 ಎಂಬುದು ಶೇ 76 ದಾಟುತ್ತಿತ್ತು. 14 ಫೆಬ್ರವರಿ 2017ರಂದು ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರಿಂದ ಶಿಕ್ಷೆ ಉಳಿದ ಮೂವರಿಗೆ. ಆರ್ಥಿಕ ಅಪರಾಧದ ಅಭಿಯೋಜನೆ ಎಂದರೆ ಬಹುಮಟ್ಟಿಗೆ ಇದೇ: ಆವೇಶದ ಭಾಷಣವಲ್ಲ, ಪ್ರಾಥಮಿಕ ಶಾಲೆಯ ಕೂಡುವ ಲೆಕ್ಕವನ್ನು ತಾಳ್ಮೆಯಿಂದ ಮತ್ತೊಮ್ಮೆ ಮಾಡುವುದು.

ಕಾಯ್ದೆಗಳು ಬದಲಾಗಿವೆ. ಕರ್ನಾಟಕಕ್ಕೆ ತನ್ನದೇ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ, ಅಂದರೆ ಕೋಕಾ, ಬಂದಿದೆ. 1 ಜುಲೈ 2024ರಿಂದ ಹಳೆಯ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. 321ನೇ ವಿಧಿ ಈಗ 360. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಓದುವಾಗ ಕೊನೆಯಲ್ಲಿ ಹೊಸದಾಗಿ ಸೇರಿದ ಒಂದು ವಾಕ್ಯ ನನ್ನನ್ನು ನಿಲ್ಲಿಸಿತು. ಸಂತ್ರಸ್ತರ ಮಾತು ಕೇಳಲು ಅವಕಾಶ ಕೊಡದೆ ಯಾವ ನ್ಯಾಯಾಲಯವೂ ಮೊಕದ್ದಮೆ ಹಿಂಪಡೆಯಲು ಬಿಡುವಂತಿಲ್ಲ ಎನ್ನುತ್ತದೆ ಅದು. ಅಬ್ದುಲ್ ಕರೀಂ ದಿಲ್ಲಿಯವರೆಗೆ ಹೋಗಿ ಹೇಳಬೇಕಾಗಿ ಬಂದ ಮಾತನ್ನು ಇನ್ನು ಮುಂದೆ ಅಂಥ ತಂದೆಯೊಬ್ಬ ಮೈಸೂರಿನ ಕೋರ್ಟಿನಲ್ಲೇ ಹೇಳಬಹುದು.

ಕಳೆದ ವರ್ಷ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಈಗ ಕಿವಿ ಮಂದ. ಎರಡು ಸಲ ಹೇಳಬೇಕಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅವರ ಮಗನಿಗೆ ಎಷ್ಟು ವಯಸ್ಸಾಗಿತ್ತಪ್ಪ?"