ಸುಬಾಬುಲ್ ನೆರಳು, ಕುದುರೆಯ ಬಾಲ



ಸುಗ್ಗಿ ಮುಗಿದ ಹೊಲದಾಗ ಗೊಬ್ಬರಕ್ಕಂತ ಕುರಿ ನಿಲ್ಲಿಸೋ ಪದ್ಧತಿ ನಮ್ಮ ಕಡೆ ಇನ್ನೂ ಉಳಿದೈತಿ. ಕುರಿಗಾರರ ಜೋಡಿ ಗಂಟುಮೂಟೆ ಹೊರೋ ಕುದುರೆನೂ ಬರ್ತಾವು. ಬಿಸಿಲು ಏರಿದ ಕೂಡಲೇ ಅವನ್ನ ಬದುವಿನ ಸುಬಾಬುಲ್ ಸಾಲಿಗೆ ಕಟ್ಟೋದು ಸುಲಭ. ನೆರಳೂ ಆತು, ಮೇವೂ ಆತು ಅನ್ನೋ ಲೆಕ್ಕ. ಆಡಿಗೆ, ಎಮ್ಮೆಗೆ ಮಿತಿಯೊಳಗ ಈ ಲೆಕ್ಕ ನಡೀತೈತಿ. ಕುದುರೆಗೆ ನಡಿಯಂಗಿಲ್ಲ. ಯಾಕಂತ ತಿಳಿಯಾಕ ಈ ಗಿಡದ ಚರಿತ್ರೆ ನೋಡಬೇಕು.

ಸುಬಾಬುಲ್‌ನ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಸ್ಪೇನಿನವರ ಹಡಗುಗಳಲ್ಲಿ ಅದು ಫಿಲಿಪ್ಪೀನ್ಸ್‌ಗೆ ಹೋಯಿತು. ಅಲ್ಲಿಂದ ನೆರಳು, ಸೌದೆ, ಮೇವಿನ ಗಿಡವಾಗಿ ಉಷ್ಣವಲಯದ ತುಂಬ ಹರಡಿತು. 19ನೇ ಶತಮಾನದ ಕೊನೆಯ ಹೊತ್ತಿಗೇ ಕ್ಯೂ ಸಸ್ಯೋದ್ಯಾನದ ಡೇನಿಯಲ್ ಮೋರಿಸ್ ಬಹಾಮಾಸ್ ದ್ವೀಪಗಳ ಒಂದು ಸಂಗತಿಯನ್ನು ಬರೆದಿಟ್ಟರು: ಈ ಸೊಪ್ಪು ತಿಂದ ಕುದುರೆಗಳ ಕೇಸರ, ಬಾಲದ ಕೂದಲು ಉದುರುತ್ತವೆ, ದನ, ಆಡುಗಳಿಗೆ ಹಾಗಾಗುವುದಿಲ್ಲ.

ಕಾರಣ ಎಲೆ, ಕಾಯಿಯೊಳಗಿನ ಮಿಮೋಸಿನ್ ಅನ್ನೋ ವಿಷ. ಕೂದಲಿನ ಬುಡದಲ್ಲಿ ಹೊಸ ಜೀವಕೋಶ ಹುಟ್ಟುವುದನ್ನೇ ಅದು ತಡೆಯುತ್ತದೆ. ಹೆಚ್ಚು ದಿನ ತಿಂದರೆ ಗೊರಸೂ ಕೆಡುತ್ತದೆ.

ಇಷ್ಟು ಗೊತ್ತಿದ್ದೂ 1970ರ ದಶಕದಲ್ಲಿ ಈ ಗಿಡಕ್ಕೆ ಭಾರಿ ಪ್ರಚಾರ ಸಿಕ್ಕಿತು. 1977ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಇದರ ಮೇಲೆ ಪುಸ್ತಕವನ್ನೇ ತಂದಿತು. ನಮ್ಮ ದೇಶದಲ್ಲಿ ಮಣಿಭಾಯಿ ದೇಸಾಯಿಯವರ ಬೈಫ್ ಸಂಸ್ಥೆ ಹೈನುಗಾರರಿಗೆ ಇದನ್ನು ಪರಿಚಯಿಸಿತು. ಹೈನಿಗೆ ಅದು ಒಳ್ಳೇದೇ ಮಾಡಿತು, ಸುಳ್ಳು ಹೇಳಬಾರದು. ಆದರೆ ಎಲ್ಲರ ಕಣ್ಣು ಹಾಲು ಕೊಡೋ ದನದ ಮೇಲಿತ್ತು. ಕುದುರೆಯ ಮಾತು ಹಿಂದೆ ಬಿತ್ತು.

ಅದೇ ಕಾಲಕ್ಕೆ ಆಸ್ಟ್ರೇಲಿಯಾದಲ್ಲಿ ದನಗಳೂ ಇದನ್ನು ತಿಂದು ಸೊರಗುತ್ತಿದ್ದವು. ಹವಾಯಿಯ ಆಡುಗಳು ಮಾತ್ರ ಇದನ್ನೇ ಮೇಯ್ದು ಗಟ್ಟಿಯಾಗಿದ್ದವು. ಈ ಗುಟ್ಟು ಬಿಡಿಸಿದವರು ರೇಮಂಡ್ ಜೋನ್ಸ್. ಹವಾಯಿ ಆಡಿನ ಮೊದಲ ಹೊಟ್ಟೆಯಲ್ಲಿ ಆ ವಿಷವನ್ನು ಒಡೆಯುವ ಸೂಕ್ಷ್ಮಾಣು ಇತ್ತು. ಅದನ್ನು ಆಸ್ಟ್ರೇಲಿಯಾಕ್ಕೆ ತಂದು ದನಗಳಿಗೆ ಕೊಟ್ಟರು, ದನ ಸುಧಾರಿಸಿದವು. 1992ರಲ್ಲಿ ಆ ಸೂಕ್ಷ್ಮಾಣುವಿಗೆ ಜೋನ್ಸ್ ಅವರ ಹೆಸರನ್ನೇ ಇಟ್ಟರು.

ಕುದುರೆ ಮೆಲುಕು ಹಾಕೋ ಪ್ರಾಣಿ ಅಲ್ಲ. ಅದರ ಮೇವು ಹುಳಿಯೋದು ಸಣ್ಣಕರುಳು ದಾಟಿದ ಮ್ಯಾಲೆ. ಅಷ್ಟೊತ್ತಿಗೆ ವಿಷ ರಕ್ತಕ್ಕೆ ಸೇರಿರತೈತಿ. ಅದಕ್ಕ ಎಮ್ಮೆ ಅರಗಿಸಿಕೊಂಡಿದ್ದನ್ನ ಕುದುರೆ ಅರಗಿಸಿಕೊಳ್ಳಂಗಿಲ್ಲ.

ಹಂಗಂತ ಇದ್ದ ಗಿಡ ಕಡಿಯಬ್ಯಾಡ್ರಿ. ಕುದುರೆನ ಬಾಯಿಗೆ ಸೊಪ್ಪು ಸಿಗದಷ್ಟು ದೂರ ಕಟ್ಟಿಸ್ರಿ. ಮೇವು ನಿಲ್ಲಿಸಿದರ ಕೂದಲು ಸಾಮಾನ್ಯವಾಗಿ ಮತ್ತ ಬರತೈತಿ. ಕುದುರೆ ನಿಲ್ಲೋ ಜಾಗಕ್ಕ ಹೊಸ ನೆರಳು ಬೇಕಂದ್ರ ಹುಣಸಿ ಹಚ್ರಿ. ನಿಧಾನ ಬೆಳೀತೈತಿ, ಆದ್ರ ಮೊಮ್ಮಕ್ಕಳ ಕಾಲಕ್ಕೂ ಇರತೈತಿ. ಚಂದ ಕಾಣತೈತಿ ಅಂತ ಬೇಲಿಗೆ ಕಣಗಿಲ ಮಾತ್ರ ಬ್ಯಾಡ. ಸುಬಾಬುಲ್ ಕೂದಲು ತೆಗೀತೈತಿ, ಕಣಗಿಲ ಜೀವಾನೇ ತೆಗೀತೈತಿ.

ಕುರಿಗಾರನ ಇಡೀ ಮನಿ ಆ ಕುದುರೆ ಬೆನ್ನಮ್ಯಾಲೆ ಇರತೈತಿ. ಈ ಸಲ ಹೊಲಕ್ಕ ಬಂದಾಗ ಇದೊಂದು ಮಾತು ಅವರ ಕಿವಿಗೆ ಹಾಕ್ರಿ.