ಕೊನೆಯಿಲ್ಲದ ‘ಕಾಂಬೊ’ಗೆ ಮೂಗುದಾರ ಈ ‘ಸ್ಟ್ಯಾಕ್’

ಕಾರ್ಡುಗಳನ್ನು ಕೊಂಡು, ಬದಲಾಯಿಸಿಕೊಂಡು, ತಮಗೆ ಬೇಕಾದಂತೆ ಕಟ್ಟು ಜೋಡಿಸಿ ಆಡುವುದೇ ಟ್ರೇಡಿಂಗ್ ಕಾರ್ಡ್ ಗೇಮ್. ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ 1993ರಲ್ಲಿ ಮಾರುಕಟ್ಟೆಗೆ ಬಂತು. ಇಸ್ಪೀಟಿನಂತೆ ಇಲ್ಲಿ 52 ಎಲೆಗಳ ಲೆಕ್ಕವಿಲ್ಲ. ಸಾವಿರಾರು ಕಾರ್ಡುಗಳು, ಬಹುತೇಕ ಕಾರ್ಡಿನ ಮೇಲೂ ಅದರದೇ ನಿಯಮ. ಕೆಲವು ಕಾರ್ಡುಗಳ ನಿಯಮಗಳು ಒಂದಕ್ಕೊಂದು ಕೊಂಡಿಯಾಗಿ ನಿಲ್ಲದೆ ಸುತ್ತತೊಡಗಿದರೆ ಅದೇ ‘ಇನ್ಫಿನಿಟ್ ಕಾಂಬೊ’.

ಪ್ರಸಿದ್ಧ ಜೋಡಿಯೊಂದನ್ನು ನೋಡಿ. ‘ಡಿಸೀವರ್ ಎಕ್ಸಾರ್ಕ್’ ಎಂಬ ಜೀವಿ ಕಣಕ್ಕಿಳಿದಾಗ, ಬಳಸಿ ಅಡ್ಡ ತಿರುಗಿಸಿಟ್ಟ ತನ್ನ ಕಡೆಯ ಒಂದು ಕಾರ್ಡನ್ನು ಮತ್ತೆ ನೆಟ್ಟಗೆ ಮಾಡಬಲ್ಲದು. ಅದಕ್ಕೆ ‘ಸ್ಪ್ಲಿಂಟರ್ ಟ್ವಿನ್’ ತೊಡಿಸಿದರೆ, ಜೀವಿಯನ್ನು ಅಡ್ಡ ತಿರುಗಿಸಿ ಅದರ ನಕಲು ಹುಟ್ಟಿಸಬಹುದು. ನಕಲು ಬಂದು ಮೂಲವನ್ನು ನೆಟ್ಟಗೆ ಮಾಡುತ್ತದೆ, ಮೂಲ ಇನ್ನೊಂದು ನಕಲು ಹೆರುತ್ತದೆ. ನಕಲುಗಳು ಅದೇ ಸರದಿಯಲ್ಲಿ ದಾಳಿ ಮಾಡುತ್ತವೆ. ಎದುರಾಳಿಯ ಜೀವಬಲ ಶುರುವಿನಲ್ಲಿ ಬರೀ 20. ಇನ್ನು ಕೇಳಬೇಕೆ?

ಹಾಗಾದರೆ ತಡೆಯುವುದು ಹೇಗೆ? ಸಮಯದ ನಿಯಮ ಕೆಲಸಕ್ಕೆ ಬರುವುದೇ ಇಲ್ಲಿ. 1999ರ ಆರನೇ ಆವೃತ್ತಿಯ ನಿಯಮಗಳು ‘ಸ್ಟ್ಯಾಕ್’ ಪದ್ಧತಿ ತಂದವು. ಮದುವೆ ಮನೆಯಲ್ಲಿ ಒಂದರ ಮೇಲೊಂದು ಪೇರಿಸಿದ ತಟ್ಟೆಗಳಂತೆ, ಕೊನೆಗೆ ಇಟ್ಟದ್ದು ಮೊದಲು ಜಾರಿಗೆ ಬರುತ್ತದೆ. ಸ್ಪ್ಲಿಂಟರ್ ಟ್ವಿನ್ ಆಡಿದ ತಕ್ಷಣ ಅದು ಫಲಿಸುವುದಿಲ್ಲ, ಸ್ಟ್ಯಾಕ್‌ನಲ್ಲಿ ಕಾಯುತ್ತದೆ. ಆ ಗಳಿಗೆಯಲ್ಲಿ ಎದುರಾಳಿ ಜೀವಿಯನ್ನು ಕೊಂದರೆ ಗುರಿಯೇ ಇಲ್ಲದೆ ಟ್ವಿನ್ ವ್ಯರ್ಥ. ಒಂದು ಕಾರ್ಡಿಗೆ ಎರಡು ಹೋದವು! ತಡವಾದರೂ ದಾರಿಯಿದೆ: ನಕಲು ಬಂದು, ನೆಟ್ಟಗೆ ಮಾಡುವ ಆದೇಶ ಇನ್ನೂ ಸ್ಟ್ಯಾಕ್‌ನಲ್ಲಿರುವಾಗ ಮೂಲವನ್ನು ಕೊಂದರೆ ಸರಪಳಿ ತುಂಡಾಗುತ್ತದೆ. ಆದರೆ 3 ಪೆಟ್ಟು ಕೊಡುವ ‘ಲೈಟ್ನಿಂಗ್ ಬೋಲ್ಟ್’ ಸಾಲದು, ಎಕ್ಸಾರ್ಕ್‌ನ ತಾಳಿಕೆ 4. ಅದರ ಬೆಲೆ ಇರುವುದೇ ಈ ಒಂದು ಅಂಕದಲ್ಲಿ.

ಅಂದಹಾಗೆ, ‘ಅನಂತ’ ಎಂದು ಹೇಳಿ ಕೈ ತೊಳೆದುಕೊಳ್ಳಲು ನಿಯಮ ಬಿಡುವುದಿಲ್ಲ. ಎಷ್ಟು ಸುತ್ತು ಎಂದು ಸಂಖ್ಯೆ ಹೇಳಬೇಕು. ಹತ್ತು ಲಕ್ಷ ಎಂದರೂ ಸರಿಯೇ. ಆದರೆ ಕಡ್ಡಾಯವಾಗಿ ಸುತ್ತುವ ಸರಪಳಿಯನ್ನು ಯಾರಿಂದಲೂ ನಿಲ್ಲಿಸಲಾಗದಿದ್ದರೆ ಆಟ ಡ್ರಾ. ಕಣದಲ್ಲಿ ಬೇರೆ ಗುರಿ ಇಲ್ಲದಾಗ ಮೂರು ‘ಆಬ್ಲಿವಿಯನ್ ರಿಂಗ್’ಗಳು ಒಂದನ್ನೊಂದು ಹೊರಹಾಕುತ್ತಾ ಹೀಗೆ ಸಿಕ್ಕಿಕೊಳ್ಳುತ್ತವೆ. ಗೆಲ್ಲುವ ಸ್ಥಿತಿಯಲ್ಲಿದ್ದವನಿಗೂ ಆಗ ಗೆಲುವಿಲ್ಲ.

ಸ್ಪ್ಲಿಂಟರ್ ಟ್ವಿನ್ ಅನ್ನು 2016ರ ಜನವರಿಯಲ್ಲಿ ‘ಮಾಡರ್ನ್’ ವಿಭಾಗದ ಸ್ಪರ್ಧೆಗಳಿಂದ ನಿಷೇಧಿಸಲಾಯಿತು. ಆ ನಿಷೇಧ ತೆರವಾದದ್ದು 2024ರ ಡಿಸೆಂಬರ್‌ನಲ್ಲಿ.